ನರ್ಸರಿಯಿಂದ ಟೊಮೆಟೊ ನಾರು (ಸಸಿ) ಕೊಳ್ಳುವ ಸಣ್ಣ ರೈತನಿಗೆ ಬೀಜದ ಗುಣಮಟ್ಟದ ಖಾತರಿ ಕೊಡಬೇಕಾದವರು ಯಾರು?

ಪ್ರಶ್ನೆ – ಶ್ರೀನಿವಾಸಪುರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಎರಡು ಎಕರೆ ಜಮೀನು ಇಟ್ಟುಕೊಂಡು, ಕೊಳವೆಬಾವಿಯ ನೀರಿನಲ್ಲಿ ಟೊಮೆಟೊ, ಬೀನ್ಸ್, ಒಮ್ಮೊಮ್ಮೆ ಎಲೆಕೋಸು ಬೆಳೆಯುವ ಕುಟುಂಬ ನಮ್ಮದು. ನಮ್ಮ ತಂದೆಯವರ ಕಾಲದಲ್ಲಿ ಬೀಜ ತಂದು ಮಡಿಯಲ್ಲಿ ಚೆಲ್ಲಿ ನಾರು ಬೆಳೆಸುತ್ತಿದ್ದರು. ಈಗ ಸುತ್ತಮುತ್ತಲಿನ ಎಲ್ಲರಂತೆ ನಾವೂ ಪ್ರೋಟ್ರೇಯಲ್ಲಿ, ಅಂದರೆ ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ, ಬೆಳೆಸಿದ ನಾರನ್ನು ನರ್ಸರಿಯಿಂದ ತಂದು ನಾಟಿ ಮಾಡುತ್ತೇವೆ.

ಕಳೆದ ಹಂಗಾಮಿನಲ್ಲಿ ಹೆಸರಾಂತ ಹೈಬ್ರಿಡ್ ಒಂದರ ನಾರು ಎಂದು ಹೇಳಿಸಿಕೊಂಡು ತಂದೆವು. ಮಲ್ಚಿಂಗ್ ಹಾಳೆ, ಹನಿ ನೀರಾವರಿ, ನೀಲಗಿರಿ ಕಡ್ಡಿ, ದಾರ, ಔಷಧ ಯಾವುದಕ್ಕೂ ಕೊರತೆ ಮಾಡಲಿಲ್ಲ. ಕಾಯಿ ಕಟ್ಟುವವರೆಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಕಾಯಿ ದಪ್ಪವಾದ ಮೇಲೆ ನೋಡಿದರೆ, ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಮಾತ್ರ ಚಪ್ಪಟೆಯಾದ, ತೊಟ್ಟಿನ ಬಳಿ ಏಣುಗಳಿರುವ, ಬೇಗ ಮೆತ್ತಗಾಗುವ ಹಣ್ಣು. ಮಂಡಿಯಲ್ಲಿ ಆ ಹಣ್ಣು ಬೆರೆತ ಬಾಕ್ಸ್‌ಗಳನ್ನೆಲ್ಲ ಎರಡನೇ ದರ್ಜೆಗೆ ತಳ್ಳಿದರು. ನರ್ಸರಿಯವರನ್ನು ಕೇಳಿದರೆ ಹವಾಮಾನದ ದೋಷವೆಂದರು. ಬೀಜದ ಅಂಗಡಿಯವರು ನರ್ಸರಿಯ ಕಡೆಗೆ ಬೆರಳು ತೋರಿಸಿದರು. ಕಂಪನಿಯ ಪ್ರತಿನಿಧಿಯು ಬಿಲ್ಲು ಮತ್ತು ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಬೀಜದ ರಾಶಿಗೆ ಕೊಟ್ಟ ಗುರುತು) ಇದ್ದರೆ ಮಾತ್ರ ಮಾತನಾಡುವುದಾಗಿ ಹೇಳಿದರು. ನಮ್ಮ ಬಳಿ ಇರುವುದು ನಾರಿನ ಸಂಖ್ಯೆ ಮತ್ತು ಮೊತ್ತ ಬರೆದ ಒಂದು ಚೀಟಿ ಮಾತ್ರ. ಅದರಲ್ಲಿ ತಳಿಯ ಹೆಸರೂ ಇಲ್ಲ.

ತಿಳಿದವರಲ್ಲಿ ನನ್ನ ಪ್ರಶ್ನೆಗಳು ಇವು. ಇಂತಹ ಬೆರಕೆ ಎಲ್ಲಿ ಆಗುತ್ತದೆ, ಅದನ್ನು ನಮ್ಮಂಥವರು ನಾಟಿಗೆ ಮೊದಲೇ ಕಂಡುಹಿಡಿಯಲು ದಾರಿ ಇದೆಯೇ? ಮಂಡಿಯ ಬೆಲೆಯೇ ಎಲ್ಲವನ್ನೂ ನಿರ್ಧರಿಸುವಾಗ ದುಬಾರಿ ಬೀಜದಿಂದ ಎರಡು ಎಕರೆಯವನ ಆದಾಯ ನಿಜವಾಗಿ ಹೆಚ್ಚುತ್ತದೆಯೇ, ಅಥವಾ ಆ ಲಾಭವೂ ಬೀಜ ಮಾರುವವರ ಪಾಲಾಗುತ್ತದೆಯೇ? ಹೈಬ್ರಿಡ್ ಸಹವಾಸವೇ ಬೇಡವೆಂದು ಸಂಶೋಧನಾ ಸಂಸ್ಥೆಗಳ ಸುಧಾರಿತ ತಳಿ ಹಾಕಿ, ಬೀಜವನ್ನು ನಾವೇ ಉಳಿಸಿಕೊಳ್ಳುವುದು ಲೇಸೇ?

ಉತ್ತರ 1 – ತೋಟಗಾರಿಕೆ ಇಲಾಖೆಯ ನಿವೃತ್ತ ಅಧಿಕಾರಿ

ನಿಮ್ಮ ಮೊದಲ ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ. ತರಕಾರಿ ಬೀಜದ ಗುಣಮಟ್ಟದ ಬಗ್ಗೆ ನಮ್ಮಲ್ಲಿ ಇರುವ ಕಾನೂನು, ಪರೀಕ್ಷೆ, ಲೇಬಲ್ಲುಗಳೆಲ್ಲ ಪಾಕೆಟ್ಟಿನ ಸುತ್ತ ರೂಪುಗೊಂಡಿವೆ. ಆದರೆ ಕೋಲಾರ, ಚಿಕ್ಕಬಳ್ಳಾಪುರಗಳ ಸಣ್ಣ ರೈತ ಇಂದು ಪಾಕೆಟ್ಟನ್ನು ಕಣ್ಣಿನಿಂದ ನೋಡುವುದೇ ಇಲ್ಲ. ಪಾಕೆಟ್ಟು ನರ್ಸರಿಯ ಬಾಗಿಲಲ್ಲಿ ಒಡೆಯುತ್ತದೆ, ಅದರ ಮೇಲಿದ್ದ ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಮೊಳಕೆ ಪ್ರಮಾಣಗಳೆಲ್ಲ ಕಸದ ಬುಟ್ಟಿ ಸೇರುತ್ತವೆ, ರೈತನ ಕೈಗೆ ಬರುವುದು ಹೆಸರಿಲ್ಲದ ಹಸಿರು ಗಿಡ.

ವಿಚಿತ್ರವೆಂದರೆ, 1966ರ ಬೀಜ ಕಾಯ್ದೆಯು ಆಹಾರ ಬೆಳೆಗಳ ಸಸಿಯನ್ನೂ ಬೀಜದ ವ್ಯಾಖ್ಯೆಯೊಳಗೇ ಸೇರಿಸಿದೆ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಬೀಜ ಮಾರುವವರು ಪರವಾನಗಿ ಹೊಂದಿರಬೇಕು, ದಾಸ್ತಾನು ಮತ್ತು ಬೆಲೆಯನ್ನು ಕಾಣುವಂತೆ ಬರೆದು ಹಾಕಬೇಕು, ಕೊಂಡವರಿಗೆ ಬಿಲ್ಲು ಕೊಡಬೇಕು. ಹೀಗಿದ್ದರೂ ನರ್ಸರಿಗಳ ಮಟ್ಟದಲ್ಲಿ ತಪಾಸಣೆ ನಡೆಯುವುದು ಅಪರೂಪ. ನಡೆದರೂ ಶಿಕ್ಷೆಯ ಭಯವಿಲ್ಲ: ಬೀಜ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ಇರುವ ದಂಡದ ಮಿತಿ 500 ರೂಪಾಯಿ. ಹತ್ತು ಗ್ರಾಂ ಟೊಮೆಟೊ ಬೀಜದ ಬೆಲೆಯೇ ಎಷ್ಟೋ ಬಾರಿ ಅದಕ್ಕಿಂತ ಹೆಚ್ಚು. ಇದಲ್ಲದೆ, ಕಾಯ್ದೆಯ ಕನಿಷ್ಠ ಮೊಳಕೆ ಪ್ರಮಾಣದ ನಿಯಮಗಳು ಸರ್ಕಾರವು ಅಧಿಸೂಚನೆಯಲ್ಲಿ ಪಟ್ಟಿ ಮಾಡಿದ ತಳಿಗಳಿಗೆ ಮಾತ್ರ ಕಡ್ಡಾಯ. ಖಾಸಗಿ ಕಂಪನಿಗಳ ಎಷ್ಟೋ ಹೈಬ್ರಿಡ್‌ಗಳು ಆ ಪಟ್ಟಿಗೆ ಬಂದೇ ಇಲ್ಲ. ಪ್ರಮಾಣಿತ ಬೀಜಕ್ಕೆ, ಅಂದರೆ ಬೀಜ ಪ್ರಮಾಣೀಕರಣ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಬೀಜಕ್ಕೆ, ನೀಲಿ ಚೀಟಿ ಇರುತ್ತದೆ. ಉತ್ಪಾದಕರೇ ಗುಣಮಟ್ಟ ಘೋಷಿಸಿ ಮಾರುವ ಬೀಜಕ್ಕೆ ತಿಳಿಹಸಿರು ಚೀಟಿ. ತರಕಾರಿಯಲ್ಲಿ ನೀವು ಕಾಣುವುದು ಬಹುಪಾಲು ಎರಡನೆಯದು, ಅಂದರೆ ಮಾರುವವರ ಮಾತೇ ಖಾತರಿ.

ಆದ್ದರಿಂದ ನನ್ನ ಸಲಹೆ ಒಂದೇ: ನಾರು ಕೊಳ್ಳಬೇಡಿ, ಬೀಜ ಕೊಂಡು ನಾರು ಬೆಳೆಸಿಕೊಡಲು ಕೊಡಿ. ಎಕರೆಗೆ ಸುಮಾರು 60 ಗ್ರಾಂ ಹೈಬ್ರಿಡ್ ಬೀಜ ಸಾಕು. ಪರವಾನಗಿ ಇರುವ ಅಂಗಡಿಯಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ ಬರೆಸಿದ ಬಿಲ್ಲು ಪಡೆದು, ಪಾಕೆಟ್ಟುಗಳನ್ನು ನರ್ಸರಿಯಲ್ಲಿ ನಿಮ್ಮ ಎದುರಿಗೇ ಒಡೆಸಿ, ಖಾಲಿ ಪಾಕೆಟ್ಟುಗಳನ್ನು ಮನೆಗೆ ತನ್ನಿ. ಒಂದು ಪಾಕೆಟ್ಟನ್ನು ಒಡೆಯದೆ ಕೊಯ್ಲು ಮುಗಿಯುವವರೆಗೆ ಇಟ್ಟುಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಮೊಳಕೆಯ ಬಗ್ಗೆ ಅನುಮಾನವಿದ್ದರೆ ನೂರು ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು ಎಣಿಸಬಹುದು. ಟೊಮೆಟೊ ಐದನೇ ದಿನದಿಂದ ಮೊಳೆಯತೊಡಗುತ್ತದೆ, ಹದಿನಾಲ್ಕನೇ ದಿನ ಕೊನೆಯ ಎಣಿಕೆ. ಪ್ರಮಾಣಿತ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಟೊಮೆಟೊ, ಬದನೆಗಳಲ್ಲಿ ಶೇ. 70, ಬೆಂಡೆಯಲ್ಲಿ ಶೇ. 65, ಮೆಣಸಿನಕಾಯಿಯಲ್ಲಿ ಶೇ. 60. ಆದರೆ ಮೊಳಕೆ ಪರೀಕ್ಷೆಯಿಂದ ಬೆರಕೆ ತಿಳಿಯುವುದಿಲ್ಲ ಎಂಬುದನ್ನು ಮರೆಯಬೇಡಿ. ಬೆರಕೆ ಬೀಜವೂ ಚೆನ್ನಾಗಿಯೇ ಮೊಳೆಯುತ್ತದೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಬೀಜದಿಂದ ಆದಾಯ ಹೆಚ್ಚುತ್ತದೆಯೇ ಎಂದು ಕೇಳುವುದಕ್ಕಿಂತ, ಯಾವ ನಷ್ಟವನ್ನು ಬೀಜ ತಡೆಯುತ್ತದೆ ಎಂದು ಕೇಳುವುದು ಸರಿಯೆಂದು ನನಗೆ ತೋರುತ್ತದೆ. ಬೇಸಿಗೆಯಲ್ಲಿ ಬಿಳಿನೊಣದಿಂದ ಹರಡುವ ಎಲೆಮುಟುರು ರೋಗ ಬಂದರೆ, ನಿರೋಧಕ ಶಕ್ತಿಯಿಲ್ಲದ ಟೊಮೆಟೊ ತೋಟ ಪೂರ್ತಿ ಹೋಗಬಹುದು. ಈ ರೋಗಕ್ಕಾಗಿಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ತೈವಾನಿನ ವಿಶ್ವ ತರಕಾರಿ ಕೇಂದ್ರದ ಮೂಲ ಸಾಮಗ್ರಿಯನ್ನು ಬಳಸಿಕೊಂಡು ನಂದಿ, ವೈಭವ, ಸಂಕ್ರಾಂತಿ ಎಂಬ ತಳಿಗಳನ್ನು 2000ರ ದಶಕದ ಆರಂಭದಲ್ಲಿ ಹೊರತಂದಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್‌ನಲ್ಲಿ ಎಲೆಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರಕ್ಕೂ ನಿರೋಧಕ ಶಕ್ತಿ ಸೇರಿದೆ. ಫಿಲಿಪ್ಪೀನ್ಸ್‌ನಲ್ಲಿ 1982ರಲ್ಲಿ ಬೀಜ ಕಂಪನಿ ಕಟ್ಟಿದ ಡಚ್ ಬೀಜತಜ್ಞ ಸೈಮನ್ ಗ್ರೂಟ್ ಅವರಿಗೆ 2019ರ ವಿಶ್ವ ಆಹಾರ ಪ್ರಶಸ್ತಿ ಬಂದದ್ದೂ ಇದೇ ಕಾರಣಕ್ಕೆ: ತಂಪು ದೇಶದ ತಳಿಗಳನ್ನು ತಂದು ಮಾರುವುದರ ಬದಲು, ಉಷ್ಣವಲಯದ ಸಣ್ಣ ರೈತನ ಹೊಲದ ಬಿಸಿಲು, ಮಳೆ, ರೋಗಗಳಿಗೆ ಹೊಂದುವ ತಳಿಗಳನ್ನು ಅಲ್ಲಿಯೇ ರೂಪಿಸಿದರು.

ಇಷ್ಟು ಹೇಳಿಯೂ ಒಂದು ಮಾತು ಸೇರಿಸಬೇಕು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಆ ಏರಿಳಿತವನ್ನು ಯಾವ ಬೀಜವೂ ಸರಿಪಡಿಸಲಾರದು.

ಉತ್ತರ 2 – ರಾಣೆಬೆನ್ನೂರು ತಾಲ್ಲೂಕಿನ ಬೀಜೋತ್ಪಾದಕಿ

ನಾನು ಹಾವೇರಿ ಜಿಲ್ಲೆಯವಳು. ನಮ್ಮ ಭಾಗದಲ್ಲಿ ಸಣ್ಣ ಹಿಡುವಳಿದಾರರು ಕಂಪನಿಗಳಿಗಾಗಿ ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆಗಳ ಹೈಬ್ರಿಡ್ ಬೀಜ ಬೆಳೆದುಕೊಡುವುದು ದಶಕಗಳಿಂದ ನಡೆದುಬಂದಿದೆ. ಕೋಲಾರದ ಅಣ್ಣನವರು ಕೊಳ್ಳುವ ಪಾಕೆಟ್ಟಿನ ಬೀಜ ನಮ್ಮ ಊರಿನ ಪರದೆಮನೆಯಲ್ಲಿಯೇ ತಯಾರಾಗಿದ್ದರೂ ಆಶ್ಚರ್ಯವಿಲ್ಲ. ಬೆರಕೆ ಎಲ್ಲಿ ಆಗುತ್ತದೆ ಎಂಬ ಪ್ರಶ್ನೆಗೆ ಬೀಜ ಬೆಳೆಯುವವರ ಕಡೆಯಿಂದ ಉತ್ತರ ಬರೆಯುತ್ತಿದ್ದೇನೆ.

ಟೊಮೆಟೊದ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇರುತ್ತವೆ. ಹೈಬ್ರಿಡ್ ಎಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಬೀಜ; ಬೀಜ ಕಟ್ಟುವ ತಳಿಗೆ ಹೆಣ್ಣು ಸಾಲು, ಪರಾಗ ಕೊಡುವ ತಳಿಗೆ ಗಂಡು ಸಾಲು ಎನ್ನುತ್ತೇವೆ. ಹೆಣ್ಣು ಸಾಲಿನ ಗಿಡದಲ್ಲಿ ಮರುದಿನ ಅರಳಬೇಕಾದ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ, ಚಿಮುಟದಿಂದ ಅದರ ಕೇಸರಗಳನ್ನು ಕಿತ್ತು ತೆಗೆಯಬೇಕು. ಬೆಳಿಗ್ಗೆ ಗಂಡು ಸಾಲಿನ ಹೂವಿನಿಂದ ಕೂಡಿಸಿಟ್ಟ ಪರಾಗವನ್ನು ಶಲಾಕೆಯ ತುದಿಗೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ಮುಟ್ಟಿಸಬೇಕು. ಮುಟ್ಟಿಸಿದ ಹೂವಿನ ಪುಷ್ಪಪತ್ರಗಳಲ್ಲಿ ಒಂದೆರಡನ್ನು ಕತ್ತರಿಸಿ ಗುರುತು ಮಾಡುತ್ತೇವೆ, ಹಣ್ಣಾದಾಗ ಆ ಗುರುತು ಇರುವ ಹಣ್ಣನ್ನು ಮಾತ್ರ ಬೀಜಕ್ಕೆ ಕೊಯ್ಯುತ್ತೇವೆ. ಇದನ್ನೇ ನಮ್ಮಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಬಹುಪಾಲು ಹೆಣ್ಣುಮಕ್ಕಳೇ ಮಾಡುವ ಕೆಲಸ. ಮೊಗ್ಗು ಬಲಿತು ಕೇಸರ ಒಡೆದ ಮೇಲೆ ಕಿತ್ತರೆ, ಅಥವಾ ಗುರುತಿಲ್ಲದ ಹಣ್ಣು ಬುಟ್ಟಿಗೆ ಬಿದ್ದರೆ, ಆ ಬೀಜ ಹೈಬ್ರಿಡ್ ಆಗುವುದಿಲ್ಲ. ಹೆಣ್ಣು ಗಿಡವು ತನ್ನದೇ ಪರಾಗದಿಂದ ಕಟ್ಟಿದ ಬೀಜವಾಗುತ್ತದೆ.

ಇದರಿಂದ ಪತ್ತೆಗೆ ಒಂದು ದಾರಿ ಸಿಗುತ್ತದೆ. ಅಣ್ಣನವರೆ, ನಿಮ್ಮ ತೋಟದ ಆ ಬೇರೆ ಗಿಡಗಳೆಲ್ಲ ಪರಸ್ಪರ ಒಂದೇ ರೀತಿ ಇದ್ದವೇ, ಅಥವಾ ಒಂದೊಂದೂ ಒಂದೊಂದು ಬಗೆಯಾಗಿತ್ತೇ? ಎಲ್ಲವೂ ಒಂದೇ ಬಗೆಯಾಗಿದ್ದರೆ, ಅವು ಹೆಣ್ಣು ಸಾಲಿನ ಗಿಡಗಳಾಗಿರುವ ಸಾಧ್ಯತೆ ಹೆಚ್ಚು. ಅಂದರೆ ದೋಷ ಬೀಜೋತ್ಪಾದನೆಯ ಹಂತದ್ದು. ಎರಡು ತಳಿಯ ಟ್ರೇಗಳು ನರ್ಸರಿಯಲ್ಲಿ ಬೆರೆತಿದ್ದರೂ ಒಂದೇ ಬಗೆಯಾಗಿ ಕಾಣಬಹುದು, ಆದರೆ ಆಗ ಆ ಗಿಡಗಳು ಚದುರಿರದೆ ಸಾಲಿನಲ್ಲಿ ಒತ್ತೊತ್ತಾಗಿ ಸಿಗುತ್ತವೆ, ಏಕೆಂದರೆ ಒಂದು ಟ್ರೇಯ ನಾರನ್ನು ಆಳುಗಳು ಒಂದೇ ಕಡೆ ನೆಡುತ್ತಾ ಹೋಗುತ್ತಾರೆ. ಗಾತ್ರ, ಆಕಾರ, ಬಣ್ಣ ಎಲ್ಲವೂ ಗಿಡಗಿಡಕ್ಕೆ ಬದಲಾಗಿದ್ದರೆ, ಯಾರೋ ಹೈಬ್ರಿಡ್ ಹಣ್ಣಿನಿಂದಲೇ ತೆಗೆದ ಎರಡನೇ ತಲೆಮಾರಿನ ಬೀಜವನ್ನು ಹೈಬ್ರಿಡ್ ಎಂದು ಮಾರಿದ್ದಾರೆಂದು ಅನುಮಾನಿಸಬೇಕು.

ಇದನ್ನು ತಡೆಯಲೆಂದೇ ಕಂಪನಿಗಳು ನಮ್ಮ ಬೀಜದ ಮಾದರಿಯನ್ನು ಬಿತ್ತಿ ಬೆಳೆಸಿ ನೋಡುತ್ತವೆ. ಇದನ್ನು ಗ್ರೋ ಔಟ್ ಟೆಸ್ಟ್, ಚಿಕ್ಕದಾಗಿ ಜಿಒಟಿ ಎಂದು ಕರೆಯುತ್ತಾರೆ. ಅದರಲ್ಲಿ ಬೆರಕೆ ಮಿತಿ ಮೀರಿದರೆ ಲಾಟ್ ತಿರಸ್ಕೃತವಾಗುತ್ತದೆ. ತಿರಸ್ಕೃತವಾದರೆ ಬೆಳೆದವರಿಗೆ ಹಣವಿಲ್ಲ, ಪಾಸಾದರೂ ಹಣ ಬರಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಕ್ರಾಸಿಂಗ್ ಆಳುಗಳ ಕೂಲಿಯನ್ನು ವಾರವಾರವೂ ನಾವು ಕೊಟ್ಟಿರುತ್ತೇವೆ. ಸಾಮಾನ್ಯವಾಗಿ ಒಪ್ಪಂದವಿರುವುದು ಕಂಪನಿಗೂ ನಮಗೂ ನಡುವಿನ ಆರ್ಗನೈಸರ್ ಜೊತೆಗೆ, ಅದೂ ಬಾಯಿಮಾತಿನಲ್ಲಿ. ಅಂಗಡಿಯಲ್ಲಿ ಕಿಲೋ ಲೆಕ್ಕಕ್ಕೆ ಹತ್ತಾರು ಸಾವಿರ ರೂಪಾಯಿ ಬೀಳುವ ಬೀಜಕ್ಕೆ ನಮಗೆ ಸಿಗುವುದು ಅದರ ಸಣ್ಣ ಭಾಗ. ಬೀಜದ ಗುಣಮಟ್ಟವೆಂದರೆ ಮೊಗ್ಗಿನ ಮುಂದೆ ಸಂಜೆ ಬಾಗಿ ನಿಂತವರ ಕೈಯ ಎಚ್ಚರ; ಆ ಕೈಗೆ ಸಿಗುವ ಕೂಲಿಯನ್ನು ಬಿಟ್ಟು ಬೀಜದ ಬೆಲೆ, ಬೀಜದ ಕಾನೂನುಗಳನ್ನಷ್ಟೇ ಚರ್ಚಿಸುವುದು ನನಗೆ ಅರ್ಧ ಮಾತಾಗಿ ಕಾಣುತ್ತದೆ.

ಉತ್ತರ 3 – ಮಾಲೂರು ಕಡೆಯ ನರ್ಸರಿ ಮಾಲೀಕ

ನರ್ಸರಿಯವರ ಮೇಲೆ ಬರುವ ದೂರುಗಳಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಬಿಲ್ಲು ಏಕೆ ಸಿಗುವುದಿಲ್ಲ ಎಂಬುದರ ಹಿಂದಿನ ವ್ಯವಹಾರವನ್ನು ಅಧಿಕಾರಿ ಸರ್ ಅವರು ಮುಟ್ಟಲಿಲ್ಲ. ನಮ್ಮಲ್ಲಿ ನಾರು ಒಯ್ಯುವ ಸಣ್ಣ ರೈತರಲ್ಲಿ ಹಲವರು ಸಾಲದ ಮೇಲೆ ಒಯ್ಯುತ್ತಾರೆ, ಮೊದಲ ಕೊಯ್ಲಿನಲ್ಲಿ ತೀರಿಸುತ್ತಾರೆ. ಇನ್ನು ಕೆಲವರಿಗೆ ಮಂಡಿಯವರು ಮುಂಗಡ ಕೊಟ್ಟಿರುತ್ತಾರೆ. ಯಾವ ತಳಿ ಹಾಕಬೇಕೆಂಬುದನ್ನೂ ಅವರೇ ಹೇಳಿ ಕಳುಹಿಸುತ್ತಾರೆ. ದೂರದ ಊರಿಗೆ ಲಾರಿಯಲ್ಲಿ ಹೋಗುವ ಹಣ್ಣು ಗಟ್ಟಿಯಾಗಿರಬೇಕು, ಒಂದೇ ಅಳತೆಯದ್ದಾಗಿರಬೇಕು ಎಂಬುದು ಅವರ ಲೆಕ್ಕ. ಸಾಲದಲ್ಲಿ ಒಯ್ದವರು ಬಿಲ್ಲು ಕೇಳುವುದಿಲ್ಲ, ಕೇಳದವರಿಗೆ ನಾವು ಕೊಡುವುದಿಲ್ಲ.

ಇನ್ನೊಂದು ತೊಂದರೆ ಬೀಜದ ಅಭಾವ. ಒಂದು ಹೈಬ್ರಿಡ್ ಒಂದು ವರ್ಷ ಚೆನ್ನಾಗಿ ಬಂದಿತೆಂದರೆ ಮರುವರ್ಷ ಸುತ್ತಲಿನ ಹಳ್ಳಿಗಳಿಗೆಲ್ಲ ಅದೇ ಬೇಕು. ಕಂಪನಿಯವರು ಅಷ್ಟು ಬೀಜ ಕಳುಹಿಸಿರುವುದಿಲ್ಲ. ಆಗ ಮುದ್ರಿತ ಬೆಲೆಗಿಂತ ಹೆಚ್ಚು ಕೊಟ್ಟರೆ ಮಾತ್ರ ಸಿಗುತ್ತದೆ, ಅಂಥ ಮಾಲಿಗೆ ಅಂಗಡಿಯವರು ಬಿಲ್ಲು ಬರೆಯುವುದೇ ಇಲ್ಲ. ನಕಲಿ ಪಾಕೆಟ್ಟುಗಳು ನುಸುಳುವುದೂ ಇಂತಹ ಸಮಯದಲ್ಲೇ. ನಾವು ಮೋಸ ಹೋಗಿದ್ದೇವೆಂದು ನಮಗೆ ಗೊತ್ತಾಗುವುದೂ ರೈತರಿಗೆ ಗೊತ್ತಾಗುವ ದಿನವೇ.

ರೈತರೇ ಬೀಜ ತಂದುಕೊಟ್ಟರೆ ನಮಗೆ ಸಂತೋಷ; ಬೀಜದ ಹೊಣೆ ನಮ್ಮ ತಲೆಯಿಂದ ಇಳಿಯುತ್ತದೆ. 98 ಕುಳಿಯ ಟ್ರೇಯಲ್ಲಿ ಕೋಕೋಪೀಟ್ ತುಂಬಿ, ಪರದೆಯೊಳಗೆ 25ರಿಂದ 30 ದಿನ ಬೆಳೆಸಿಕೊಡುವ ಕೂಲಿಯನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಎರಡು ಷರತ್ತುಗಳಿವೆ. ನಾಟಿಯ ದಿನಕ್ಕೆ ಒಂದು ತಿಂಗಳು ಮೊದಲೇ ಬೀಜ ತಂದುಕೊಡಬೇಕು, ಬೀಜಕ್ಕೆ ಹಣ ಆಗಲೇ ಹಾಕಬೇಕಾಗುತ್ತದೆ. ಮತ್ತು ಕೊಳವೆಬಾವಿ ಕೈಕೊಟ್ಟಿತೆಂದು ನಾಟಿಯ ಹೊತ್ತಿಗೆ ನಾರು ಬೇಡವೆನ್ನಬಾರದು. ಸಣ್ಣ ರೈತರಿಗೆ ಈ ಎರಡನೆಯದೇ ಕಷ್ಟ. ಸಿದ್ಧ ನಾರನ್ನು ಕೊಳ್ಳುವವನು ನೀರು ನೋಡಿಕೊಂಡು ಹಿಂದಿನ ದಿನ ತೀರ್ಮಾನ ಮಾಡಬಹುದು. ಆ ಅನುಕೂಲಕ್ಕಾಗಿಯೇ ತಳಿ ಯಾವುದೆಂದು ಹೆಚ್ಚು ವಿಚಾರಿಸದೆ ನಾರು ಒಯ್ಯುವವರು ಇದ್ದಾರೆ.

ಉತ್ತರ 4 – ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲ

ಕಾನೂನಿನ ವಿಷಯದಲ್ಲಿ ಎರಡು ಮಾತು. ಬೀಜ ಕೊಂಡ ರೈತನು ಗ್ರಾಹಕನೇ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪ್ರಯೋಗಾಲಯಕ್ಕೆ ಕಳುಹಿಸಲು ರೈತನು ಬೀಜದ ಮಾದರಿ ಉಳಿಸಿಕೊಂಡಿಲ್ಲವೆಂಬ ಆಕ್ಷೇಪಣೆಯನ್ನೂ ಅಲ್ಲಿ ಒಪ್ಪಲಿಲ್ಲ. ಕೊಂಡ ಬೀಜವನ್ನೆಲ್ಲ ರೈತ ಬಿತ್ತುವುದು ಸಹಜ, ಅದೇ ಲಾಟಿನ ಮಾದರಿಯನ್ನು ಹಾಜರುಪಡಿಸುವಂತೆ ಕಂಪನಿಗೇ ಹೇಳಬಹುದಿತ್ತು ಎಂಬುದು ನ್ಯಾಯಾಲಯದ ನಿಲುವು. ಆದರೆ ಅದೇ ಲಾಟು ಎಂದು ಹೇಳಬೇಕಾದರೆ ಲಾಟ್ ಸಂಖ್ಯೆ ಬೇಕಲ್ಲವೇ? ಖಾಲಿ ಪಾಕೆಟ್ಟಿನ ಬೆಲೆ ಇರುವುದು ಅಲ್ಲಿಯೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ. ಗೆಲುವು ನಿಂತಿರುವುದು ಸಾಕ್ಷ್ಯದ ಮೇಲೆ. ಬೆಳೆ ಹೊಲದಲ್ಲಿ ನಿಂತಿರುವಾಗಲೇ ತೋಟಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರಿಗೆ ಲಿಖಿತ ದೂರು ಕೊಟ್ಟು, ಅವರೂ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಸ್ಥಳಕ್ಕೆ ಬಂದು ನೂರು ಗಿಡಗಳಲ್ಲಿ ಎಷ್ಟು ಬೆರಕೆ ಎಂದು ಎಣಿಸಿ ವರದಿ ಬರೆಯುವಂತೆ ಮಾಡುವುದು ಎಲ್ಲಕ್ಕಿಂತ ಮುಖ್ಯ. ಗಿಡ ಕಿತ್ತ ಮೇಲೆ ಕೊಟ್ಟ ದೂರಿಗೆ ಬಲವಿರುವುದಿಲ್ಲ. ಎಲೆಮುಟುರಿನಂತಹ ರೋಗ ಬಂದದ್ದೇ ಬೀಜದ ದೋಷವೆಂದು ವಾದಿಸುವವರನ್ನೂ ನೋಡಿದ್ದೇನೆ. ಆ ರೋಗಕ್ಕೆ ನಿರೋಧಕವೆಂದು ಬರಹದಲ್ಲಿ ಹೇಳಿ ಮಾರಿದ್ದರೆ ಹೊರತು ಆ ವಾದ ನಿಲ್ಲುವುದು ಕಷ್ಟ. ಇಂತಹ ಸಂದರ್ಭಕ್ಕೆ ಅಷ್ಟಾಗಿ ಬಳಕೆಯಾಗದ ಇನ್ನೊಂದು ದಾರಿ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಣಿಯಾದ ತಳಿಯ ಬೀಜ ಮಾರುವಾಗ, ಯಾವ ಪರಿಸ್ಥಿತಿಯಲ್ಲಿ ಎಷ್ಟು ಇಳುವರಿ ನಿರೀಕ್ಷಿಸಬಹುದೆಂದು ತಿಳಿಸಬೇಕು. ಅಷ್ಟು ಬಾರದಿದ್ದರೆ ರೈತನು ಆ ಕಾಯ್ದೆಯ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು.

ಉತ್ತರ 5 – ಬ್ಯಾಡಗಿ ಸೀಮೆಯ ರೈತ

ಬೀಜವನ್ನು ತಾವೇ ಉಳಿಸಿಕೊಳ್ಳುವ ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅದಕ್ಕೆ ಎಲ್ಲ ಬೆಳೆಗೂ ಒಂದೇ ಉತ್ತರ ಹೇಳಲಾಗದು.

ನಮ್ಮ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎರಡೂ ಬಗೆಗಳ ಬೀಜವನ್ನು ರೈತರೇ ಆರಿಸಿ ಇಟ್ಟುಕೊಳ್ಳುತ್ತಾ ಬಂದಿದ್ದಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ದೊರೆತಾಗ ಹೊರಗಿನವರಿಗೆ ಕಂಡದ್ದು ಬಣ್ಣ ಮತ್ತು ನಿರಿಗೆ. ಅದರ ಹಿಂದಿದ್ದದ್ದು ಕಳದಲ್ಲಿ ಕುಳಿತು ಕಾಯಿ ಆರಿಸುವ ಕೆಲಸ. ಆದರೆ ಮೆಣಸಿನಕಾಯಿಯಲ್ಲಿ ಜೇನ್ನೊಣ, ಇರುವೆಗಳಿಂದ ಪರಾಗ ಸುಲಭವಾಗಿ ಬೆರೆಯುತ್ತದೆ. ಪ್ರಮಾಣಿತ ಬೀಜಕ್ಕೆ ಬೇರೆ ತಳಿಯಿಂದ 200 ಮೀಟರ್, ಪ್ರಮಾಣಿತ ಬೀಜ ಬೆಳೆಯಲು ಬಳಸುವ ಮೂಲ ಬೀಜಕ್ಕೆ 400 ಮೀಟರ್ ಅಂತರ ಬೇಕೆಂದು ನಿಯಮವಿದೆ. ಪಕ್ಕದ ಹೊಲದಲ್ಲಿ ಹೈಬ್ರಿಡ್ ಹಾಕಿದ ಮೇಲೆ ಎರಡು ಎಕರೆಯವನು ಆ ಅಂತರವನ್ನು ಎಲ್ಲಿಂದ ತರಬೇಕು? ಬ್ಯಾಡಗಿಯ ಗುಣ ಕೆಡುತ್ತಿದೆ ಎಂಬ ದೂರಿಗೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಟೊಮೆಟೊ ಈ ವಿಷಯದಲ್ಲಿ ಸುಲಭ. ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಪ್ರಮಾಣಿತ ಬೀಜಕ್ಕೆ 25 ಮೀಟರ್ ಅಂತರವೇ ಸಾಕು. ಅರ್ಕಾ ವಿಕಾಸ್, ಅರ್ಕಾ ಸೌರಭ್, ನಂದಿ, ವೈಭವ ಇವು ಹೈಬ್ರಿಡ್ ಅಲ್ಲ. ಒಳ್ಳೆಯ ಗಿಡಗಳನ್ನು ಗುರುತಿಸಿ, ಚೆನ್ನಾಗಿ ಹಣ್ಣಾದ ಮೇಲೆ ತಿರುಳನ್ನು ಒಂದೆರಡು ದಿನ ಹುದುಗಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿದರೆ ಮುಂದಿನ ವರ್ಷಕ್ಕೆ ಬೀಜವಾಯಿತು. ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ವಕೀಲರು ಹೇಳಿದ 2001ರ ಕಾಯ್ದೆಯೇ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. ಹೈಬ್ರಿಡ್ ಹಣ್ಣಿನ ಬೀಜವನ್ನು ಮಾತ್ರ ಉಳಿಸಬೇಡಿ. ರಾಣೆಬೆನ್ನೂರಿನ ಅಕ್ಕ ಹೇಳಿದಂತೆ ಅದು ಗಿಡಗಿಡಕ್ಕೂ ಬೇರೆಯಾಗುತ್ತದೆ.

ಆದರೂ ಕೋಲಾರದ ಅಣ್ಣನವರಿಗೆ ಟೊಮೆಟೊದಲ್ಲಿ ಈ ದಾರಿಯನ್ನು ನಾನು ಹೇಳಲಾರೆ. ಈ ತಳಿಗಳ ಹಣ್ಣು ಊರಿನ ಸಂತೆಗೆ, ಹತ್ತಿರದ ಪಟ್ಟಣಕ್ಕೆ ಸರಿ. ದೂರದ ಊರಿಗೆ ಲಾರಿ ಹತ್ತುವ ಹಣ್ಣನ್ನೇ ಕೇಳುವ ಮಂಡಿಯಲ್ಲಿ ಬೆಲೆ ಕಟ್ಟುವುದಿಲ್ಲ. ಲೆಕ್ಕ ಹಾಕಿ ನೋಡಿ. ಕಡ್ಡಿ ಕಟ್ಟಿ ಬೆಳೆಯುವ ಟೊಮೆಟೊಗೆ ಎಕರೆಗೆ ಲಕ್ಷ ರೂಪಾಯಿ ದಾಟುವ ಖರ್ಚಿನಲ್ಲಿ ಬೀಜದ್ದು ಕೆಲವು ಸಾವಿರ. ಎಕರೆಗೆ 1,000 ಬಾಕ್ಸ್ ಬಂತೆಂದು ಹಿಡಿದರೂ, ಐದರಲ್ಲಿ ಒಂದು ಗಿಡ ಬೆರಕೆಯಾದರೆ 200 ಬಾಕ್ಸ್ ಎರಡನೇ ದರ್ಜೆ. ಬಾಕ್ಸ್‌ಗೆ 100 ರೂಪಾಯಿ ಕಡಿಮೆಯಾದರೆ 20,000 ರೂಪಾಯಿ ಹೋಯಿತು. ಬೀಜಕ್ಕೆ ಹಾಕಿದ ಹಣದ ಹಲವು ಪಟ್ಟು ಅದು. ಉಳಿತಾಯ ಮಾಡಬೇಕಾದ ಜಾಗ ಬೀಜವಲ್ಲ.

ಬೀನ್ಸ್‌ನಲ್ಲಿ ಮಾತ್ರ ನೀವು ಖಂಡಿತವಾಗಿ ಸ್ವಂತ ಬೀಜಕ್ಕೆ ಹೋಗಬಹುದು. ಅದೂ ಸ್ವಪರಾಗಸ್ಪರ್ಶದ ಬೆಳೆ; ಅರ್ಕಾ ಕೋಮಲ್‌ನಂತಹ ತಳಿಯ ಬೀಜವನ್ನು ಒಮ್ಮೆ ಹೆಸರಘಟ್ಟದಿಂದ ತಂದರೆ ಕೆಲವು ವರ್ಷ ನಡೆಯುತ್ತದೆ. ಬೆಂಡೆಯನ್ನು ಉಳಿಸುವವರು ಒಂದು ವಿಷಯ ಗಮನಿಸಬೇಕು: ಕಾಡು ಬೆಂಡೆಯೊಂದಿಗೆ ಸಂಕರಿಸಿ ಪಡೆದ ಅರ್ಕಾ ಅನಾಮಿಕಾ ಬಂದ ಹೊಸದರಲ್ಲಿ ಹಳದಿ ನಂಜು ರೋಗವನ್ನು ಚೆನ್ನಾಗಿ ತಡೆದಿತ್ತು, ವರ್ಷಗಳು ಕಳೆದಂತೆ ಆ ಶಕ್ತಿ ಕುಂದಿತು. ಬೀಜವನ್ನು ಎಷ್ಟೇ ಶುದ್ಧವಾಗಿ ಉಳಿಸಿದರೂ ರೋಗಾಣು ಬದಲಾಗುತ್ತಿರುತ್ತದೆ. ಆಗ ಹೊಸ ತಳಿಗೆ ಹೋಗಲೇಬೇಕು.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ರಾಣೆಬೆನ್ನೂರಿನ ಅಕ್ಕನವರ ಪ್ರಶ್ನೆಗೆ ಉತ್ತರ: ಆ ಗಿಡಗಳೆಲ್ಲ ಒಂದೇ ಬಗೆಯವು, ಎಲ್ಲದರಲ್ಲೂ ಅದೇ ಚಪ್ಪಟೆ ಹಣ್ಣು. ಒತ್ತೊತ್ತಾಗಿರಲಿಲ್ಲ, ಎರಡು ಎಕರೆಯ ಉದ್ದಗಲಕ್ಕೂ ಚದುರಿದ್ದವು. ಅದೇ ನರ್ಸರಿಯಿಂದ ಅದೇ ವಾರ ನಾರು ತಂದ ಪಕ್ಕದ ಊರಿನ ಇಬ್ಬರ ತೋಟದಲ್ಲೂ ಹೀಗೆಯೇ ಇತ್ತೆಂದು ಈಗ ತಿಳಿಯಿತು. ಗಿಡ ಕಿತ್ತು ಆಗಿದೆ, ಆದ್ದರಿಂದ ದೂರಿನ ಮಾತು ಬಿಟ್ಟಿದ್ದೇನೆ. ಮುಂದಿನ ನಾಟಿಗೆ ನಾವು ಮೂವರೂ ಸೇರಿ ಬೀಜ ಕೊಂಡು ನಾರು ಬೆಳೆಸಲು ಕೊಡಬೇಕೆಂದಿದ್ದೇವೆ. ಮೂವರ ಹೆಸರಿಗೂ ಬೇರೆ ಬೇರೆ ಬಿಲ್ಲು ಬೇಕೇ?

ಉತ್ತರ – ವಕೀಲ

ಬೇರೆ ಬೇರೆ ಬಿಲ್ಲನ್ನೇ ಮಾಡಿಸಿಕೊಳ್ಳಿ. ಒಂದೇ ಹೆಸರಿನಲ್ಲಿ ಬಿಲ್ಲು ಇದ್ದರೆ, ಉಳಿದ ಇಬ್ಬರು ಬೀಜ ಕೊಂಡವರೇ ಅಲ್ಲವೆಂದು ಎದುರು ಪಕ್ಷದವರು ಹೇಳುವ ಅವಕಾಶ ಉಳಿಯುತ್ತದೆ. ನರ್ಸರಿಯವರಿಗೆ ಪಾಕೆಟ್ಟು ಒಪ್ಪಿಸಿದ ದಿನ, ಲಾಟ್ ಸಂಖ್ಯೆ ಮತ್ತು ಟ್ರೇಗಳ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಅವರ ಸಹಿ ಪಡೆಯಿರಿ.

ಉತ್ತರ – ಬೀಜೋತ್ಪಾದಕಿ

ಹಾಗಿದ್ದರೆ ಅದು ಹೆಣ್ಣು ಸಾಲಿನ ಬೀಜವೇ ಇರಬೇಕು, ಅಣ್ಣನವರೆ. ಈ ಮಟ್ಟಿಗೆ ನಿಮ್ಮ ನರ್ಸರಿಯವರ ತಪ್ಪಿಲ್ಲವೆಂದು ತೋರುತ್ತದೆ. ಮೂವರೂ ಒಂದೇ ಲಾಟಿನ ಪಾಕೆಟ್ಟುಗಳನ್ನು ತೆಗೆದುಕೊಳ್ಳಬೇಡಿ. ಎರಡು ಲಾಟಿನವನ್ನು ತಂದು, ಟ್ರೇಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿಸಿ, ಹೊಲದಲ್ಲಿಯೂ ಬೇರೆ ಸಾಲುಗಳಲ್ಲಿ ನೆಡಿ. ಒಂದು ಲಾಟು ಕೆಟ್ಟರೆ ಅದರ ಹಣ್ಣನ್ನು ಪ್ರತ್ಯೇಕವಾಗಿ ಕೊಯ್ದು ಬಾಕ್ಸ್ ತುಂಬಬಹುದು, ಒಳ್ಳೆಯ ಸಾಲಿನ ಹಣ್ಣು ಎರಡನೇ ದರ್ಜೆಗೆ ಬೀಳುವುದಿಲ್ಲ.